ವಿದ್ಯುತ್ ಕಸಬಿನ ಶಿಕ್ಷಣ: ಶಿವನಸಮುದ್ರದಿಂದ ಪಾವಗಡಕ್ಕೆ

1902ನೆಯ ಇಸವಿ ಜೂನ್ 30ರಂದು ಶಿವನಸಮುದ್ರದ ವಿದ್ಯುದಾಗಾರವು ಕೆಲಸವನ್ನಾರಂಭಿಸಿ, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿದ ಸಂಗತಿಯನ್ನು ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆದವರು ಅಭಿಮಾನದಿಂದ ಸ್ಮರಿಸಿದ್ದಾರೆ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿ, ಎಂಜಿನಿಯರ್ ಜೋಲಿ ದ ಲೊಟ್ಬಿನಿಯೇರ್ ಅವರ ಯೋಜನೆ, ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಯಂತ್ರಗಳು, ಅವುಗಳನ್ನು ಎಳೆದು ತಂದ ಆನೆಗಳು, ಇವೆಲ್ಲವುಗಳ ವರ್ಣನೆ ನಮಗೆ ದೊರೆಯುತ್ತದೆ. ಆ ತಂತಿಯನ್ನು ಕಾಯ್ದವರು ಯಾರು, ಅವರಿಗೆ ಆ ಕೆಲಸವನ್ನು ಕಲಿಸಿದವರು ಯಾರು ಎಂಬ ಪ್ರಶ್ನೆಗೆ ಮಾತ್ರ ಅಷ್ಟು ಸ್ಥಳ ದೊರೆತಿಲ್ಲ. ನಮ್ಮ ನಾಡಿನಲ್ಲಿ ವಿದ್ಯುತ್ತು ಮೊದಲು ಬಂದು, ಅದರ ಕಸಬಿನ ಶಿಕ್ಷಣವು ಬಹು ಹಿಂದೆ ಉಳಿಯಿತು. ಸೂರ್ಯಶಕ್ತಿಯ ಕಾಲದಲ್ಲಿಯೂ ಇದೇ ಅನುಕ್ರಮವು ಮರುಕಳಿಸಿದೆಯೆಂಬುದನ್ನು ನಾವು ಇಲ್ಲಿ ತೋರಿಸಬಯಸುತ್ತೇವೆ.

ಶಿವನಸಮುದ್ರದ ಮಾರ್ಗವು 35,000 ವೋಲ್ಟ್ ಒತ್ತಡದ್ದು. ಆ ಕಾಲಕ್ಕೆ ಲೋಕದ ಅತಿ ದೀರ್ಘವಾದ ಮಾರ್ಗಗಳಲ್ಲೊಂದು. ಅಂತಹ ತಂತಿಯ ಬಳಿಯಲ್ಲಿ ಕೆಲಸಮಾಡುವವನಿಗೆ ತಪ್ಪಿ ನಡೆಯಲು ಎರಡನೆಯ ಅವಕಾಶವಿಲ್ಲ. ಆದರೆ ಈ ಕಸಬನ್ನು ಕಲಿಸುವ ಶಾಲೆ ಸಂಸ್ಥಾನದಲ್ಲಿ ಆಗ ಇರಲಿಲ್ಲ. ಯಂತ್ರಗಳೊಡನೆ ಹೊರಗಿನಿಂದ ತಜ್ಞರು ಬಂದರು, ಅವರಲ್ಲಿ ಎಚ್. ಪಿ. ಗಿಬ್ಸ್ ಎಂಬವರು ಸಂಸ್ಥಾನದ ಮುಖ್ಯ ವಿದ್ಯುತ್ ಎಂಜಿನಿಯರಾಗಿ, ಮುಂದೆ ಮುಂಬಯಿಯಲ್ಲಿ ತಾತಾ ಅವರ ಜಲವಿದ್ಯುತ್ ಉದ್ಯಮಕ್ಕೆ ಹೋದರು. ಬಲ್ಲವರ ಪಕ್ಕದಲ್ಲಿ ನಿಂತು, ನೋಡಿ, ಮಾಡಿ ಕಲಿಯುವುದೇ ಇಲ್ಲಿಯವರ ಪಾಲಿಗೆ ಉಳಿದ ಮಾರ್ಗವಾಗಿತ್ತು. ಕಮ್ಮಾರನ ಕುಲುಮೆಯಲ್ಲಿ ಮಗನು ತಿದಿಯೊತ್ತುತ್ತ ಕಲಿಯುವ ರೀತಿಯೂ ಇದೇ. ಆದರೆ ಕಮ್ಮಾರನಿಗೆ ಕಬ್ಬಿಣ ಕಾದಿರುವುದು ಕಣ್ಣಿಗೆ ಕಾಣುತ್ತದೆ. ತಂತಿಯಲ್ಲಿ ವಿದ್ಯುತ್ತಿರುವುದು ಕಾಣುವುದಿಲ್ಲ. ವಂಶಪಾರಂಪರ್ಯದ ಕಸಬುಗಳಿಗೂ ಇದಕ್ಕೂ ಇರುವ ಭೇದವು ಇಲ್ಲಿಯೇ ಇದೆ.

1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದಿತು. ಭಾರತೀಯ ವಿಜ್ಞಾನ ಮಂದಿರದಲ್ಲಿ 1911ರಲ್ಲಿ ವಿದ್ಯಾರ್ಥಿಗಳು ಸೇರಿದಾಗ ವಿದ್ಯುತ್ ತಂತ್ರವಿದ್ಯೆಯು ಅಲ್ಲಿಯ ಮೊದಲ ವಿಭಾಗಗಳಲ್ಲೊಂದಾಗಿತ್ತು. 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಸ್ಥಾಪಿತವಾಯಿತು. ಇವು ಎಂಜಿನಿಯರನನ್ನು ಸಿದ್ಧಪಡಿಸುವ ಸಂಸ್ಥೆಗಳು, ಕಂಬ ಹತ್ತುವವನನ್ನಲ್ಲ. ಮೇಲಿನ ಮೆಟ್ಟಿಲನ್ನು ಮೊದಲು ಕಟ್ಟಿ ಕೆಳಗಿನದನ್ನು ಆಮೇಲೆ ಕಟ್ಟಿದ ಈ ಪದ್ಧತಿಯನ್ನು ಗಮನಿಸಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಪ್ರಮುಖರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟಿಗೆ ಅವರ ಪ್ರೇರಣೆಯೇ ಕಾರಣ. ಭದ್ರಾವತಿ ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಇದಕ್ಕೇ ಬಿಟ್ಟುಕೊಟ್ಟರೆಂಬ ಹೇಳಿಕೆಯೂ ಉಂಟು. ಶಿವನಸಮುದ್ರದಿಂದ ಇಲ್ಲಿಗೆ ನಾಲ್ವತ್ತೊಂದು ವರ್ಷಗಳು ಸಂದಿದ್ದುವು.

ಸ್ವಾತಂತ್ರ್ಯಾನಂತರ 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆಯೂ, 1961ರಲ್ಲಿ ಶಿಶಿಕ್ಷುಗಳ ಅಧಿನಿಯಮವೂ ಬಂದುವು. ಐ.ಟಿ.ಐ. ಎಂದು ಜನ ಕರೆಯುವ ಸಂಸ್ಥೆಗಳಲ್ಲಿ ಎಲೆಕ್ಟ್ರಿಷಿಯನ್ ಕಸಬಿಗೆ ಎರಡು ವರ್ಷಗಳ ಅವಧಿಯುಂಟು. ಇಲ್ಲಿ ವಿದ್ಯಾರ್ಥಿಯು ಮೊದಲು ಕಲಿಯಬೇಕಾದುದು ತಂತಿ ಜೋಡಿಸುವುದನ್ನಲ್ಲ, ತಂತಿಯನ್ನು ನಂಬದಿರುವುದನ್ನು. ‘ಲೈನ್ ಕ್ಲಿಯರ್’ ಪಡೆಯಬೇಕು. ಪಡೆದ ಮೇಲೆಯೂ ಪರೀಕ್ಷಿಸಬೇಕು. ಪರೀಕ್ಷಿಸಿದ ಮೇಲೆಯೂ ಕೆಲಸದ ಸ್ಥಳದ ಎರಡು ಕಡೆಗಳಲ್ಲಿ ತಂತಿಯನ್ನು ನೆಲಕ್ಕೆ ಜೋಡಿಸಬೇಕು. ಪುಸ್ತಕದಲ್ಲಿ ಇದು ಮೂರು ವಾಕ್ಯಗಳು. ಮಳೆಯ ರಾತ್ರಿಯಲ್ಲಿ, ಊರೆಲ್ಲ ದೀಪಕ್ಕಾಗಿ ಕಾಯುತ್ತಿರುವಾಗ, ಈ ಮೂರನ್ನೂ ಬಿಡದೆ ಮಾಡುವುದು ಕೈಗೆ ಬಂದ ಅಭ್ಯಾಸದಿಂದ ಮಾತ್ರ ಸಾಧ್ಯ. ಈ ಅಭ್ಯಾಸವಿಲ್ಲದವನ ಪ್ರಾಣವು ಕೇವಲ ಅದೃಷ್ಟವನ್ನು ಅವಲಂಬಿಸಿರುತ್ತದೆ.

ಈಗಿನ ಸ್ಥಿತಿಯನ್ನು ನೋಡೋಣ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ 2,050 ಮೆಗಾವಾಟಿನ ಸೌರ ಉದ್ಯಾನವು ತಲೆಯೆತ್ತಿತು. 2018ರಲ್ಲಿ ಮೊದಲ ಭಾಗವೂ, 2019ರ ಕೊನೆಯ ವೇಳೆಗೆ ಪೂರ್ಣವೂ ಕೆಲಸಕ್ಕೆ ತೊಡಗಿದುವು. ಆ ಗ್ರಾಮಗಳ ಜನರಿಗೆ ಅಲ್ಲಿ ದೊರೆತ ಉದ್ಯೋಗವು ಬಹುಮಟ್ಟಿಗೆ ಕಾವಲು, ಹುಲ್ಲು ಕತ್ತರಿಸುವುದು, ಫಲಕ ತೊಳೆಯುವುದು ಎಂದು ವರದಿಗಳು ಹೇಳುತ್ತವೆ. ‘ಸೂರ್ಯಮಿತ್ರ’ವೆಂಬ ಕೇಂದ್ರಸರ್ಕಾರದ ತರಬೇತಿಯು 2015ರಿಂದಲೇ ನಡೆದಿದ್ದುದು ನಿಜ, ಅದು ಸುಮಾರು ಮೂರು ತಿಂಗಳ ವಸತಿಸಹಿತ ಶಿಕ್ಷಣ. ಆದರೆ ಐ.ಟಿ.ಐ. ಮೆಟ್ಟಿಲನ್ನೇ ಹತ್ತದ ರೈತನ ಮಗನಿಗೆ ಇದು ಸುಲಭವಾಗಿ ಎಟಕುವಂತಹುದಲ್ಲ. ನೆಲವನ್ನು ಕೊಟ್ಟ ಮನೆಯವನು ಅದೇ ನೆಲದ ಮೇಲಿನ ಯಂತ್ರಕ್ಕೆ ಅಪರಿಚಿತನಾಗಿ ಉಳಿದುದು ನಮ್ಮ ಅಭಿಪ್ರಾಯದಲ್ಲಿ ಈ ಉದ್ಯಮದ ದೊಡ್ಡ ಕೊರತೆ.

ಹೊಸ ಶಕ್ತಿಯು ಹಳೆಯ ಕಸಬುದಾರನಿಗೂ ಹೊಸ ಪಾಠವನ್ನು ವಿಧಿಸಿದೆ. ಬೆಳಕು ಬೀಳುತ್ತಿರುವವರೆಗೆ ಸೌರಫಲಕದ ತುದಿಗಳಲ್ಲಿ ವಿದ್ಯುತ್ತು ಇದ್ದೇ ಇರುತ್ತದೆ. ಸ್ವಿಚ್ಚು ತೆಗೆದೊಡನೆ ಅದು ಸತ್ತುಹೋಗುವುದಿಲ್ಲ. ಅದು ಏಕಮುಖ ಪ್ರವಾಹವಾದುದರಿಂದ, ಹೊರೆಯಿರುವಾಗ ಜೋಡಣೆಯನ್ನು ಬಿಡಿಸಿದರೆ ಏಳುವ ಕಿಡಿಯು ತಾನಾಗಿ ಆರಲೊಲ್ಲದು. ಶಿವನಸಮುದ್ರದ ಕಾಲದಲ್ಲಿ ಶಕ್ತಿಯು ಒಂದೇ ದಿಕ್ಕಿನಿಂದ ಬರುತ್ತಿತ್ತು. 2024ರ ಫೆಬ್ರವರಿಯಲ್ಲಿ ಆರಂಭವಾದ ಸೂರ್ಯಘರ್ ಯೋಜನೆಯು ಒಂದು ಕೋಟಿ ಮನೆಗಳ ಚಾವಣಿಯನ್ನು ಗುರಿಯಾಗಿರಿಸಿಕೊಂಡಿದೆ. ಅಂತಹ ಪ್ರತಿಯೊಂದು ಮನೆಯೂ ಒಂದು ಪುಟ್ಟ ವಿದ್ಯುದಾಗಾರ. ಊರಿನ ವಿದ್ಯುತ್ತು ನಿಂತಾಗ ಮನೆಯ ಇನ್ವರ್ಟರ್ ತಾನೂ ನಿಲ್ಲಬೇಕೆಂಬ ನಿಯಮವುಂಟು. ಆ ಉಪಕರಣವನ್ನು ಸರಿಯಾಗಿ ಜೋಡಿಸಿದವನ ಕೌಶಲದ ಮೇಲೆ, ಕಂಬದ ಮೇಲಿರುವ ಮತ್ತೊಬ್ಬನ ಜೀವ ನಿಂತಿದೆ.

ಹೀಗಿದ್ದೂ 2024ರಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮವು ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ನಿಗದಿಯಾದ ವಿದ್ಯಾರ್ಹತೆಯು ಹತ್ತನೆಯ ತರಗತಿಯ ತೇರ್ಗಡೆ. ದೇಹಸಾಮರ್ಥ್ಯದ ಪರೀಕ್ಷೆಯಲ್ಲಿ 8 ಮೀಟರ್ ಎತ್ತರದ ಕಂಬವನ್ನು ಹತ್ತುವುದು ಕಡ್ಡಾಯವಾಗಿತ್ತು. ಎತ್ತರಕ್ಕೆ ಅಂಜದವನನ್ನು ಆರಿಸುವುದು ಉಚಿತವೇ ಸರಿ. ಯಾವ ಲಿಖಿತ ಪರೀಕ್ಷೆಯೂ ಅದನ್ನು ಅಳೆಯಲಾರದು. ಆದರೆ ಹತ್ತಿದ ಮೇಲೆ ತಂತಿಯನ್ನು ಮುಟ್ಟುವ ಮೊದಲು ಏನು ಮಾಡಬೇಕೆಂಬುದನ್ನು ಅವನು ಕೆಲಸಕ್ಕೆ ಸೇರಿದ ನಂತರ, 1902ರಲ್ಲಿ ಕಲಿತವರಂತೆಯೇ, ಹಿರಿಯರೊಬ್ಬರ ಪಕ್ಕದಲ್ಲಿ ನಿಂತು ಕಲಿಯಬೇಕಾಗಿದೆ.