ಬೆಳಕು ಹಿಡಿದ ನಾಡಿ

ಹಕೀಮರು ನಬ್ಜ್ ಹಿಡಿದು ಕಾಯಿಲೆ ಹೇಳುತ್ತಿದ್ದುದನ್ನು ನಾವು ಕಂಡಿದ್ದೇವೆ. ಅದೇ ನಾಡಿಮಿಡಿತದಿಂದ ರಕ್ತದ ಆಮ್ಲಜನಕವನ್ನು ಅಳೆಯುವ ದಾರಿ ಕಂಡುಕೊಂಡವರು ಜಪಾನಿನ ಎಂಜಿನಿಯರ್ ತಾಕುವೊ ಅವೊಯಾಗಿ. ಹೃದಯ ಹೊರದೂಡುವ ರಕ್ತವನ್ನು ಅಳೆಯಲೆಂದು ಅವರು ಕಿವಿಗೆ ಬೆಳಕು ಹಾಯಿಸುತ್ತಿದ್ದರು. ನಾಡಿಯ ಮಿಡಿತ ಆ ಅಳತೆಯನ್ನು ಕೆಡಿಸುತ್ತಿತ್ತು. ಆ ಕಾಟವನ್ನೇ ಅವರು ಕೆಲಸಕ್ಕೆ ಹಚ್ಚಿದರು. ಮಿಡಿಯುವುದು ಅಪಧಮನಿಯ ರಕ್ತ. ಅದು ಕೆಂಪು, ಅವಕೆಂಪು ಕಿರಣಗಳನ್ನು ಎಷ್ಟೆಷ್ಟು ಹೀರಿತೆಂದು ನೋಡಿದರೆ ಲೆಕ್ಕ ಸಿಗುತ್ತದೆ. ಅದು 1974ರ ಮಾತು. ಕೊರೋನಾ ಕಾಲದಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡ ಪಲ್ಸ್ ಆಕ್ಸಿಮೀಟರ್ ಇದೇ. ಅವೊಯಾಗಿ ತೀರಿಕೊಂಡದ್ದೂ 2020ರ ಏಪ್ರಿಲ್‌ನಲ್ಲಿ.

ಗರ್ಭದ ಮಗುವನ್ನು ಈ ಬೆಳಕು ಸುಲಭವಾಗಿ ತಲುಪಲಿಲ್ಲ. 2000ದಲ್ಲಿ ಅಮೆರಿಕ ಒಪ್ಪಿದ ಸಾಧನವನ್ನು ನೀರೊಡೆದ ಮೇಲೆ ಒಳಗೆ ತೂರಿಸಿ ಮಗುವಿನ ಕೆನ್ನೆಗೆ ತಾಗಿಸಬೇಕಿತ್ತು. 5,341 ಹೆಂಗಸರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಬಂತು: ಸಿಸೇರಿಯನ್ ಕಡಿಮೆಯಾಗಿರಲಿಲ್ಲ. ಈಗಿನ ಸಂಶೋಧಕರ ಪ್ರಯತ್ನ ತಾಯಿಯ ಹೊಟ್ಟೆಯ ಮೇಲೆ ಧರಿಸುವ ಸಾಧನದ್ದು. ಬೆಳಕು ಚರ್ಮ, ಕೊಬ್ಬು, ಗರ್ಭಕೋಶ ದಾಟಿ ಮಗುವನ್ನು ಮುಟ್ಟಿ ಮರಳಬೇಕು. ಮರಳುವುದು ಅತ್ಯಲ್ಪ, ಅದರಲ್ಲೇ ನಿಮಿಷಕ್ಕೆ 110ರಿಂದ 160 ಸಲ ಬಡಿಯುವ ಪುಟ್ಟ ಎದೆಯನ್ನು ತಾಯಿಯ ಎದೆಬಡಿತದಿಂದ ಬೇರ್ಪಡಿಸಬೇಕು.

ನಮ್ಮನ್ನು ಕಾಡುವುದು ಇನ್ನೊಂದು ಸಂಗತಿ. ಚರ್ಮದ ಮೆಲನಿನ್ ಕೂಡ ಬೆಳಕು ಹೀರುತ್ತದೆ. ಆಮ್ಲಜನಕ ಕುಸಿದಿದ್ದರೂ ಬೆರಳಿನ ಯಂತ್ರ ಸರಿಯಿದೆಯೆಂದು ತೋರಿಸಿದ್ದು ಬಿಳಿಯರಿಗಿಂತ ಕಪ್ಪು ರೋಗಿಗಳಲ್ಲಿ ಸುಮಾರು ಮೂರು ಪಟ್ಟು ಹೆಚ್ಚೆಂದು 2020ರ ಅಮೆರಿಕದ ಅಧ್ಯಯನವೊಂದು ಹೇಳಿತು. ಇಂಥ ಎಚ್ಚರಿಕೆ 1990ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಮೂವತ್ತು ವರ್ಷ ಅದಕ್ಕೆ ಕಿವಿಗೊಟ್ಟವರೆಷ್ಟು? ಹೊಟ್ಟೆಯ ಸಾಧನ ಪೇಟೆಗೆ ಬರುವಾಗ, ಅದನ್ನು ಯಾವ ಬಣ್ಣದ ಬಸುರಿಯರ ಮೇಲೆ ಪರೀಕ್ಷಿಸಿದ್ದೀರಿ ಎಂದು ನಮ್ಮ ಆಸ್ಪತ್ರೆಗಳು ಮೊದಲೇ ಕೇಳಬೇಕು.