ಚಲಿಸುವ ಮನೆ, ಇಬ್ಬರು ಒಡೆಯರು

ಒಂದೇ ಹಡಗಿಗೆ ಹಲವರು ಒಡೆಯರಾಗಿರುವುದು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ರೂಢಿಯಲ್ಲಿದ್ದ ಸಂಪ್ರದಾಯ. 1854ರ ವಾಣಿಜ್ಯ ನೌಕಾ ಶಾಸನವು ನೋಂದಾಯಿತ ಹಡಗಿನ ಸ್ವಾಮ್ಯವನ್ನು 64 ಪಾಲುಗಳಾಗಿ ವಿಭಾಗಿಸಿ, ಯಾರಿಗೆ ಎಷ್ಟು ಪಾಲೆಂಬುದನ್ನು ಸರ್ಕಾರಿ ದಫ್ತರದಲ್ಲಿಯೇ ದಾಖಲಿಸುವ ಏರ್ಪಾಡನ್ನು ಸ್ಥಿರಪಡಿಸಿತು.

ನೆಲದ ಮೇಲೆ ಚಲಿಸುವ ಮನೆಗೆ ಈ ಭಾಗ್ಯ ಒದಗಲಿಲ್ಲ. ನೌಕಾದಳದ ನಿವೃತ್ತ ವೈದ್ಯರಾದ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ವಿಹಾರಕ್ಕೆಂದೇ ಕಟ್ಟಿಸಿದ ‘ವಾಂಡರರ್’ ಎಂಬ ಬಂಡಿಯನ್ನು ಎರಡು ಕುದುರೆಗಳು ಎಳೆಯುತ್ತಿದ್ದುವು. ಎದುರು ಬರುವವರನ್ನು ಎಚ್ಚರಿಸುವುದಕ್ಕಾಗಿ ಸೇವಕನೊಬ್ಬನು ತ್ರಿಚಕ್ರಿಯನ್ನೇರಿ ಮುಂದೆ ಸಾಗುತ್ತಿದ್ದನು. ಅಂತಹ ವೈಭವವು ಅನುಕೂಲಸ್ಥರಿಗಷ್ಟೇ ಸಾಧ್ಯವಿತ್ತು.

ಮೋಟಾರಿನ ಯುಗ ಬಂದು, 1951ರಿಂದ ಜರ್ಮನಿಯ ವೆಸ್ಟ್‌ಫಾಲಿಯಾ ಕಾರ್ಖಾನೆಯು ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಬೀರುಗಳನ್ನು ಅಳವಡಿಸತೊಡಗಿದ ಬಳಿಕ, ಆ ಸುಖವು ಮಧ್ಯಮವರ್ಗದ ಸಮೀಪಕ್ಕೆ ಬಂದಿತು. ಒಬ್ಬರಿಗೆ ಭಾರವಾದ ಬೆಲೆಯನ್ನು ಇಬ್ಬರು ಹೊರುವ ವಿಚಾರವೂ ಸಹಜವಾಯಿತು.

ಆದರೆ ಬ್ರಿಟನ್ನಿನ ವಾಹನ ನೋಂದಣಿಪತ್ರವು ವಾಹನದ ಹೊಣೆ ಹೊತ್ತವರನ್ನು ಹೆಸರಿಸುತ್ತದೆಯೇ ಹೊರತು ಸ್ವಾಮ್ಯಕ್ಕೆ ಪ್ರಮಾಣವಾಗುವುದಿಲ್ಲ. ಆದುದರಿಂದ ಪಾಲೆಷ್ಟು, ದುರಸ್ತಿಯ ವೆಚ್ಚ ಯಾರದು, ಬೇಸಗೆಯ ವಾರಗಳು ಯಾರಿಗೆ, ಒಬ್ಬರು ಬಿಡಬಯಸಿದರೆ ಬೆಲೆ ಕಟ್ಟುವ ಕ್ರಮವೇನು ಎಂಬಿವನ್ನೆಲ್ಲ ಸಹಸ್ವಾಮಿಗಳು ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು; ಸ್ನೇಹವನ್ನು ಕಾಪಾಡುವುದಕ್ಕೆ ಸ್ಪಷ್ಟವಾದ ಕರಾರಿಗಿಂತ ಮಿಗಿಲಾದ ರಕ್ಷೆಯಿಲ್ಲ.