ಎಂಜಿನ್ ಕೆಳಗಿನ ಬೆಂಕಿ

ಹಳೆಯ ಅಂಬಾಸಿಡರ್ ಕಾರಿನ ಡಿಕ್ಕಿಯಲ್ಲಿ ಜಾಕಿಯ ಜೊತೆ ಒಂದು ಕಬ್ಬಿಣದ ಹ್ಯಾಂಡಲ್ ಇರುತ್ತಿದ್ದುದು ನಮ್ಮ ತಲೆಮಾರಿನವರಿಗೆ ನೆನಪಿರಬಹುದು. ಚಳಿಗಾಲದ ಬೆಳಿಗ್ಗೆ ಗಾಡಿ ಗೊರಗೊರ ಎಂದು ಸುಮ್ಮನಾದರೆ ಡ್ರೈವರ್ ಇಳಿದು ಹ್ಯಾಂಡಲ್ ಹೊಡೆಯುತ್ತಿದ್ದ. ಅದಕ್ಕೂ ಜಗ್ಗದಿದ್ದರೆ ನಾಲ್ಕು ಜನ ಸೇರಿ ತಳ್ಳುತ್ತಿದ್ದರು. ನಮ್ಮ ಚಳಿಯ ಹಟ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ 1941ರ ಚಳಿಗಾಲದಲ್ಲಿ, ಮಾಸ್ಕೋದ ಹೊಸ್ತಿಲಿಗೆ ಬಂದು ನಿಂತಿದ್ದ ಒಂದು ದೊಡ್ಡ ಸೈನ್ಯ ಬೆಳಗಾದರೆ ತನ್ನ ಗಾಡಿಗಳನ್ನು ಸ್ಟಾರ್ಟ್ ಮಾಡಲಾಗದೆ ಒದ್ದಾಡುತ್ತಿತ್ತು.

1941ರ ಜೂನ್ 22ರಂದು ಹಿಟ್ಲರನ ಸೈನ್ಯ ಸೋವಿಯತ್ ಗಡಿ ದಾಟಿದಾಗ ಅದರ ಬಳಿ ಸುಮಾರು 6 ಲಕ್ಷ ಮೋಟಾರು ವಾಹನಗಳಿದ್ದವು. ಕುದುರೆಗಳೂ 6 ಲಕ್ಷಕ್ಕೆ ಕಡಿಮೆಯಿರಲಿಲ್ಲ. ಚಳಿ ಬರುವುದರೊಳಗೆ ಯುದ್ಧ ಮುಗಿಯುತ್ತದೆ ಎಂಬುದು ಲೆಕ್ಕಾಚಾರ. ಅಕ್ಟೋಬರಿನಲ್ಲಿ ರಸ್ತೆಗಳೆಲ್ಲ ಕೆಸರಾದವು. ನವೆಂಬರಿನಲ್ಲಿ ಕೆಸರು ಗಟ್ಟಿಯಾಗಿ ಟ್ಯಾಂಕುಗಳು ಮತ್ತೆ ಹೊರಟಾಗ ಸೇನಾಧಿಕಾರಿಗಳು ಖುಷಿಪಟ್ಟರು. ಆ ಖುಷಿ ಬಹಳ ದಿನ ಬಾಳಲಿಲ್ಲ. ಡಿಸೆಂಬರಿನ ಮೊದಲ ವಾರ ಚಳಿ ಮೈನಸ್ 30 ಡಿಗ್ರಿಯ ಆಸುಪಾಸಿಗೆ ಇಳಿಯಿತು.

ಅಂಥ ಚಳಿಯಲ್ಲಿ ಗಾಡಿ ಯಾಕೆ ಸ್ಟಾರ್ಟ್ ಆಗುವುದಿಲ್ಲ? ಎಂಜಿನ್ ಆಯಿಲ್ ಜೋನಿಬೆಲ್ಲದಂತೆ ಗಟ್ಟಿಯಾಗಿ ಒಳಗಿನ ಭಾಗಗಳನ್ನು ಹಿಡಿದುಬಿಡುತ್ತದೆ. ಅದನ್ನು ತಿರುಗಿಸಲು ಎಂದಿಗಿಂತ ಹೆಚ್ಚು ಶಕ್ತಿ ಬೇಕು. ಬ್ಯಾಟರಿಯಾದರೋ ಅದೇ ಹೊತ್ತಿಗೆ ಅರ್ಧಕ್ಕರ್ಧ ಸೋತಿರುತ್ತದೆ, ಅದರೊಳಗಿನ ರಾಸಾಯನಿಕ ಕ್ರಿಯೆ ಚಳಿಗೆ ನಿಧಾನವಾಗುತ್ತದೆ. ಪೆಟ್ರೋಲು ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಕಿಡಿ ಬಿದ್ದರೂ ಹತ್ತಿಕೊಳ್ಳುವುದಿಲ್ಲ. ಇನ್ನು ರೇಡಿಯೇಟರಿನ ನೀರು ಮಂಜುಗಡ್ಡೆಯಾಗಿ ಹಿಗ್ಗಿದರೆ ಎರಕದ ಕಬ್ಬಿಣವನ್ನೇ ಸೀಳಿಬಿಡುತ್ತದೆ. ಪೋರ್ಷೆ ರೂಪಿಸಿದ ಕ್ಯೂಬೆಲ್‌ವಾಗನ್ ಎಂಬ ಸೇನಾ ಕಾರಿಗೆ ಗಾಳಿಯಿಂದಲೇ ತಂಪಾಗುವ ಎಂಜಿನ್ ಇತ್ತು. ನೀರಿನ ತಾಪತ್ರಯ ಅದಕ್ಕಿರಲಿಲ್ಲ. ಆದರೆ ಆಯಿಲ್ ಬೇಕಲ್ಲ!

ಜರ್ಮನ್ನರು ರಾತ್ರಿಯಿಡೀ ಆಗಾಗ ಎಂಜಿನ್ ಓಡಿಸುತ್ತ ಕೂತರು. ಮೊದಲೇ ಕೊರತೆಯಿದ್ದ ಇಂಧನ ನಿಂತಲ್ಲೇ ಉರಿದುಹೋಯಿತು. ಕೊನೆಗೆ ಟ್ಯಾಂಕು, ಲಾರಿಗಳ ಹೊಟ್ಟೆಯಡಿ ಬೆಂಕಿ ಹಾಕಿ, ಗಂಟೆಗಟ್ಟಲೆ ಕಾಯಿಸಿದ ಮೇಲೆ ಸ್ಟಾರ್ಟ್ ಮಾಡತೊಡಗಿದರು.

ರಷ್ಯಾವನ್ನು ಗೆಲ್ಲಿಸಿದ್ದು ಚಳಿಯೇ ಎಂದು ಸೋತ ಸೇನಾಪತಿಗಳು ಆಮೇಲೆ ಬರೆದುಕೊಂಡರು. ನನಗೆ ಈ ಮಾತಿನಲ್ಲಿ ನಂಬಿಕೆಯಿಲ್ಲ. ಚಳಿ ಎದುರು ಪಕ್ಷಕ್ಕೂ ಅಷ್ಟೇ ಇತ್ತು. ಅಲ್ಲಿನ ಡ್ರೈವರುಗಳು ಸಂಜೆ ಗಾಡಿ ನಿಲ್ಲಿಸಿದೊಡನೆ ನೀರನ್ನೂ ಆಯಿಲನ್ನೂ ಇಳಿಸಿ, ಬೆಳಿಗ್ಗೆ ಬಿಸಿ ಮಾಡಿ ಸುರಿಯುತ್ತಿದ್ದರು. ಆಯಿಲಿಗೆ ಒಂದಿಷ್ಟು ಪೆಟ್ರೋಲು ಬೆರೆಸಿ ತೆಳುಮಾಡುವ ಉಪಾಯವೂ ಅವರಿಗೆ ಗೊತ್ತಿತ್ತು. ಎಂಜಿನ್ ಬಿಸಿಯಾದಂತೆ ಆ ಪೆಟ್ರೋಲು ಆವಿಯಾಗಿ ಹೋಗುತ್ತದೆ. ಟಿ-34 ಟ್ಯಾಂಕಿನಲ್ಲಂತೂ ಬ್ಯಾಟರಿ ಕೈಕೊಟ್ಟರೆ ಇರಲಿ ಎಂದು ಒತ್ತಿ ತುಂಬಿದ ಗಾಳಿಯ ಸಿಲಿಂಡರುಗಳಿದ್ದವು. ಆ ಗಾಳಿಯೇ ಎಂಜಿನ್ ತಿರುಗಿಸುತ್ತಿತ್ತು. ಡಿಸೆಂಬರ್ 5ರಂದು ಸೋವಿಯತ್ ಪ್ರತಿದಾಳಿ ಶುರುವಾಯಿತು. ಡಿಸೆಂಬರ್ 20ರಂದು ಗೋಬೆಲ್ಸ್, ಸೈನಿಕರಿಗೆ ಉಣ್ಣೆಯ ಬಟ್ಟೆ ಕೊಡಿ ಎಂದು ಜರ್ಮನ್ ಜನರ ಮುಂದೆ ಕೈಚಾಚಬೇಕಾಯಿತು. ಮುಂದಿನ ಮೇ ತಿಂಗಳಲ್ಲಿ ಆ ಚಳಿಗಾಲ ಕಳೆದವರಿಗೊಂದು ಪದಕ ಹೊರಟಿತು. ಸೈನಿಕರು ಅದನ್ನು 'ಹೆಪ್ಪುಗಟ್ಟಿದ ಮಾಂಸದ ಪದಕ' ಎಂದು ಕರೆದರು.

ಈ ಕಥೆಯಲ್ಲಿ ಹಳ್ಳಿಗರ ಹೆಸರು ಬರುವುದೇ ಇಲ್ಲ. ಬೆಚ್ಚಗಿನ ಜಾಗಕ್ಕಾಗಿ ಜರ್ಮನ್ ಸೈನಿಕರು ಅವರನ್ನು ಮನೆಯಿಂದ ಹೊರದಬ್ಬಿದರು. ಶತ್ರುವಿಗೆ ಸೂರು ಸಿಗಬಾರದೆಂದು ಸ್ಟಾಲಿನ್ ನವೆಂಬರ್ 17ರಂದು ಇನ್ನೊಂದು ಆಜ್ಞೆ ಹೊರಡಿಸಿದ. ಜರ್ಮನ್ನರ ಹಿಂದೆ 40ರಿಂದ 60 ಕಿಲೋಮೀಟರಿನೊಳಗಿನ, ರಸ್ತೆಯ ಎರಡೂ ಬದಿಗೆ 20ರಿಂದ 30 ಕಿಲೋಮೀಟರಿನೊಳಗಿನ ಊರುಗಳನ್ನು ಸುಟ್ಟುಹಾಕಬೇಕೆಂಬುದೇ ಆ ಆಜ್ಞೆ. ಒಬ್ಬರು ಹೊರಗಟ್ಟಿದ ಮನೆಗೆ ಇನ್ನೊಬ್ಬರು ಬೆಂಕಿಯಿಟ್ಟರು. ಎಂಜಿನ್‌ಗಳೇ ತಡೆಯಲಾರದೆ ನಿಂತುಹೋಗಿದ್ದ ಅದೇ ಚಳಿಗೆ ಆ ಜನ ಮಕ್ಕಳನ್ನು ಎತ್ತಿಕೊಂಡು ಹೊರಬಿದ್ದರು.